ಕೈದೋಟ: ಹಳದಿಗೆ ತಿರುಗಿದ ಗಂಧರಾಜ

ಗಂಧರಾಜದ ಎಳೆಯ ಎಲೆ ಹಳದಿಗೆ ತಿರುಗಿ ನರಗಳು ಮಾತ್ರ ಹಸುರಾಗಿ ಉಳಿದರೆ, ಗೊಬ್ಬರ ಸಾಲದೆಂದು ಬಗೆದು ಒಲೆಯ ಬೂದಿಯನ್ನು ಸುರಿಯುವವರುಂಟು. ಅದಕ್ಕಿಂತ ಅಪಕಾರ ಬೇರಿಲ್ಲ. ಗಿಡಕ್ಕೆ ದೊರೆಯದಿರುವುದು ಕಬ್ಬಿಣ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆಮ್ಮಣ್ಣಿಗೆ ಬಣ್ಣ ಬಂದಿರುವುದೇ ಕಬ್ಬಿಣದಿಂದ. ಆದರೆ ಕ್ಷಾರವು ಹೆಚ್ಚಿದ ಮಣ್ಣಿನಲ್ಲಿ ಬೇರು ಅದನ್ನು ಹೀರಲಾರದು. ಬೂದಿಯೂ ಕ್ಷಾರವೇ!

ಕೆಮ್ಮಣ್ಣಿಗೆ ಈ ದೋಷವನ್ನು ತರುವುವು ಗೋಡೆಯ ಬದಿಯಲ್ಲಿ ಹೂತ ಗಾರೆಯ ಚೂರುಗಳು, ಕೊಳವೆಬಾವಿಯ ಗಡಸು ನೀರು. ಒಣಮಣ್ಣಿನ ಮೇಲೆ ನಿಂಬೆಯ ರಸವನ್ನು ಹಿಂಡಿ ನೋಡಿರಿ, ನೊರೆಯೆದ್ದರೆ ಸುಣ್ಣವುಂಟು. ಅಲ್ಲಿ ಗಂಧರಾಜದ ಆಸೆಯನ್ನು ಬಿಟ್ಟು ಕಣಗಿಲೆಯನ್ನು ಹಾಕುವುದು ಲೇಸು. ನೊರೆಯಿಲ್ಲದಿದ್ದರೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣನ್ನು ಪರೀಕ್ಷಿಸಬೇಕು. ರಸಸಾರವು 7ನ್ನು ಮೀರಿದ್ದಲ್ಲಿ, ನೆಡುವುದಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಚದರ ಮೀಟರಿಗೆ 50 ಗ್ರಾಂ ಗಂಧಕದ ಪುಡಿಯನ್ನು ಎಲೆಗೊಬ್ಬರದೊಡನೆ ಬೆರಸಿ, ಮಣ್ಣನ್ನು ತೇವವಾಗಿಡತಕ್ಕದ್ದು. ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲವಾಗಿಸಲು ಅಷ್ಟು ಕಾಲ ಬೇಕು. ಹುಣಿಸೆಯ ನೀರೆರೆದು ಅವಸರಪಡುವವರಿಗೆ ದೊರೆಯುವುದು ಇರುವೆಗಳ ಸಾಲು ಮಾತ್ರ.

ಆಮೇಲೂ ಗಡಸು ನೀರನ್ನೇ ಎರೆದರೆ ಮಣ್ಣು ಮೆಲ್ಲನೆ ಕ್ಷಾರಕ್ಕೆ ಮರಳುವುದು. ತಾರಸಿಯ ಮಳೆನೀರು ಉತ್ತಮ. ನಗರದವರಿಗೆ ಬುಗುಡನಹಳ್ಳಿಯಿಂದ ಬರುವ ಹೇಮಾವತಿಯ ನೀರಾದರೂ ಆದೀತು.