ಬಾಗಿಲು ಮೂರು, ಅಗುಳಿ ಒಂದೇ



ಬಿ.ಎಡ್. ದಿನಗಳ ನೆನಪಿನ ಮುಂದಿನ ಕಂತನ್ನು ಬದಿಗಿಟ್ಟು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಬೀಜಗಣಿತ ಹೇಳಿಕೊಡುತ್ತಿದ್ದ ಮೇಷ್ಟರಿಗೆ ಸರ್ವರ್‌ಗಳ ಉಸಾಬರಿ ಏಕೆಂದು ನಿಮ್ಮಲ್ಲಿ ಕೆಲವರು ನಗಬಹುದು. ಹಾಗೆ ನಗುವವರಲ್ಲಿ ಹಲವರು ಆ ಸರ್ವರ್‌ಗಳನ್ನು ಕಾಯುವ ಕೆಲಸದಲ್ಲೇ ಇದ್ದೀರಿ. ಆದ್ದರಿಂದಲೇ ನಿಮ್ಮನ್ನು ಉದ್ದೇಶಿಸಿ ಬರೆಯುತ್ತಿದ್ದೇನೆ.

ಎರಡು ತಿಂಗಳ ಹಿಂದೆ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಅಕ್ಕನಿಗೆ ಉಬ್ಬಸ ಉಲ್ಬಣಿಸಿತು. ಹತ್ತಿರದ ಖಾಸಗಿ ಆಸ್ಪತ್ರೆಗೆ ಕರೆದೊಯ್ದೆವು. ವೈದ್ಯರು ತಡಮಾಡದೆ ಆಮ್ಲಜನಕ ಕೊಟ್ಟು, ಚೀಟಿಯಲ್ಲಿ ನಾಲ್ಕಾರು ಔಷಧಗಳನ್ನು ಬರೆದು, ಕೆಳಗಿನ ಔಷಧಾಲಯದಿಂದ ಕೂಡಲೇ ತರುವಂತೆ ಹೇಳಿದರು. ಬಿಲ್ಲು 4,280 ರೂಪಾಯಿ, ಜೇಬಿನಲ್ಲಿದ್ದದ್ದು ಆರುನೂರು. ಮೊಬೈಲಿನಿಂದ ಪಾವತಿಸಿದೆ. ನನ್ನ ಖಾತೆಯಿಂದ ಹಣ ಹೋಯಿತು, ಅವರ ಖಾತೆಗೆ ಬರಲಿಲ್ಲ. ಕಾರ್ಡು ಉಜ್ಜಿದರು, ಕೆಲಸ ಮಾಡಲಿಲ್ಲ. ರಸ್ತೆಯ ತುದಿಯ ಎಟಿಎಂಗೆ ಓಡಿದರೆ ಅದೂ ನನ್ನ ಬ್ಯಾಂಕಿನ ಸಂಪರ್ಕ ಸಿಗುತ್ತಿಲ್ಲವೆಂದು ತಿಳಿಸಿ ಕಾರ್ಡನ್ನು ಹಿಂದಿರುಗಿಸಿತು.

ಮತ್ತೆ ಬಂದು ಹಣ ಕಡಿತವಾದ ಸಂದೇಶವನ್ನು ತೋರಿಸಿದೆ. ಅಲ್ಲಿದ್ದ ಹುಡುಗನಿಗೆ ಇಪ್ಪತ್ತೈದು ವರ್ಷವಿರಬಹುದು. "ಸರ್, ದುಡ್ಡು ಬಂತು ಅಂತ ಸಿಸ್ಟಮ್ ತೋರಿಸದೆ ಬಿಲ್ ಆಗಲ್ಲ. ಬಿಲ್ ಆಗದೆ ಔಷಧಿ ಕೊಡೋಕೆ ನನಗೆ ಅಧಿಕಾರ ಇಲ್ಲ" ಎಂದ. ಔಷಧ ಅವನ ಕೈಯಲ್ಲೇ ಇತ್ತು. ಕಟುಕನಲ್ಲ, ಅವನ ಕಣ್ಣಿನಲ್ಲಿ ನೀರಿತ್ತು. ಎದುರು ಸಾಲಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸಣ್ಣ ಅಂಗಡಿಗೆ ಚೀಟಿ ಹಿಡಿದು ಹೋದೆ. ಆತ ಔಷಧಗಳನ್ನು ತೆಗೆದುಕೊಟ್ಟು, ಹೆಸರು ಮತ್ತು ಫೋನ್ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಮೊದಲು ತಗೊಂಡು ಹೋಗಿ ಯಜಮಾನ್ರೇ, ದುಡ್ಡು ಬೆಳಿಗ್ಗೆ ಕೊಡೀರಂತೆ" ಎಂದರು. ಅಕ್ಕ ಈಗ ಕ್ಷೇಮವಾಗಿದ್ದಾಳೆ.

ಮರುವಾರ ಈ ಸಂಗತಿಯನ್ನು ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. (ತನ್ನ ಹೆಸರು ಬೇಡವೆಂದಿದ್ದಾನೆ. ಅವನ ಸಹಪಾಠಿಗಳು ಊಹಿಸಿಕೊಳ್ಳುತ್ತೀರಿ.) ದೊಡ್ಡ ವ್ಯವಹಾರಗಳ ಗಣಕ ವ್ಯವಸ್ಥೆ ನಿಲ್ಲದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗ. "ಸರ್, ನೀವು ಮೂರು ಬಾಗಿಲು ತಟ್ಟಿದಿರಿ. ಮೂರೂ ಒಂದೇ ಮನೆಯವು, ಒಳಗಿನ ಅಗುಳಿಯೂ ಒಂದೇ" ಎಂದ. ಫೋನು, ಕಾರ್ಡು, ಎಟಿಎಂ ಎಲ್ಲವೂ ಕೊನೆಗೆ ಕೇಳುವುದು ಬ್ಯಾಂಕಿನ ಒಂದೇ ಲೆಕ್ಕದ ಪುಸ್ತಕವನ್ನು. ಅದು ಉತ್ತರಿಸದಿದ್ದರೆ ನೂರು ಬಾಗಿಲಿದ್ದರೂ ಅಷ್ಟೇ.

ಹಾಗಾದರೆ ಒಳ್ಳೆಯ ವ್ಯವಸ್ಥೆ ಯಾವುದು? ಅವನ ಉತ್ತರ ನನಗೆ ಹಿಡಿಸಿತು. ಯಂತ್ರ ಕೆಡುವುದಿಲ್ಲವೆಂದು ನಂಬಿ ಕಟ್ಟಿದ್ದು ಒಳ್ಳೆಯ ವ್ಯವಸ್ಥೆಯಲ್ಲ. ಇಂದೋ ನಾಳೆಯೋ ಕೆಟ್ಟೇ ಕೆಡುತ್ತದೆಂದು ತಿಳಿದು, ಕೆಟ್ಟದ್ದು ಬಳಕೆದಾರನಿಗೆ ಗೊತ್ತೇ ಆಗದಂತೆ ಹೊಂದಿಕೊಳ್ಳುವುದು ಒಳ್ಳೆಯದು. ನಮ್ಮ ಶಾಲೆಯಲ್ಲಿ ಒಬ್ಬ ಮೇಷ್ಟರು ರಜೆ ಹಾಕಿದ ದಿನ ಮುಖ್ಯೋಪಾಧ್ಯಾಯರು ಬೆಳಿಗ್ಗೆಯೇ ಅರೇಂಜ್‌ಮೆಂಟ್ ಪುಸ್ತಕವನ್ನು ಕಳುಹಿಸುತ್ತಿದ್ದುದು ನೆನಪಿದೆಯೇ? ಬಿಡುವಿದ್ದವರಿಗೆ ಆ ತರಗತಿ ಹೋಗುತ್ತಿತ್ತು, ಇಲ್ಲವೇ 'ಎ' ಮತ್ತು 'ಬಿ' ವಿಭಾಗಗಳು ಒಂದಾಗುತ್ತಿದ್ದವು. ಬಂದ ಕೋರಿಕೆಗಳನ್ನು ಬಿಡುವಿರುವ ಯಂತ್ರಗಳಿಗೆ ಹಂಚುವುದು, ಒಂದು ಸತ್ತರೆ ಅದರ ಪಾಲನ್ನು ಉಳಿದವಕ್ಕೆ ಕೊಡುವುದು, ಗದ್ದಲ ಹೆಚ್ಚಿದಾಗ ಹೊಸ ಯಂತ್ರಗಳನ್ನು ತಾನಾಗಿ ಎಬ್ಬಿಸಿ ಇಳಿದಾಗ ಮಲಗಿಸುವುದು — ಇವೆಲ್ಲ ಅದೇ ಪುಸ್ತಕ. ಬರೆಯುವವನು ಮಾತ್ರ ಮನುಷ್ಯನಲ್ಲ, ಬರೆಯಲು ಹಿಡಿಯುವ ಹೊತ್ತು ಕೆಲವು ಕ್ಷಣ.

ರೈಲ್ವೆ ಟಿಕೆಟ್ಟಿನ ಉದಾಹರಣೆ ಎಲ್ಲರಿಗೂ ತಿಳಿದದ್ದು. ಐಆರ್‌ಸಿಟಿಸಿ 2002ರ ಆಗಸ್ಟಿನಲ್ಲಿ ಅಂತರಜಾಲದ ಮೂಲಕ ಟಿಕೆಟ್ ಕೊಡಲು ತೊಡಗಿತು. ಕೆಲವೇ ವರ್ಷಗಳಲ್ಲಿ ತತ್ಕಾಲ್ ವೇಳೆಯಲ್ಲಿ ಪರದೆಯ ಮೇಲೆ ಚಕ್ರ ತಿರುಗುವುದನ್ನು ನೋಡುತ್ತಾ ಕೂರುವುದೇ ಒಂದು ತಪಸ್ಸಾಯಿತು. 2014ರಲ್ಲಿ ಹೊಸ ವ್ಯವಸ್ಥೆ ಬಂದಾಗ ನಿಮಿಷಕ್ಕೆ 2,000 ಟಿಕೆಟ್‌ಗಳ ಸಾಮರ್ಥ್ಯ 7,200ಕ್ಕೆ ಏರಿತು. ಆದರೂ ಯಂತ್ರ ಹೆಚ್ಚಿಸಿದ್ದರಿಂದಷ್ಟೇ ತೀರಲಿಲ್ಲ. 2015ರಲ್ಲಿ ಹವಾನಿಯಂತ್ರಿತ ದರ್ಜೆಗಳಿಗೆ ಹತ್ತು ಗಂಟೆ, ಉಳಿದವಕ್ಕೆ ಹನ್ನೊಂದು ಗಂಟೆ ಎಂದು ವೇಳೆಯನ್ನೇ ಬೇರ್ಪಡಿಸಿದರು. ಮದುವೆಯ ಮನೆಯಲ್ಲಿ ಎರಡು ಪಂಕ್ತಿ ಮಾಡುವ ಬುದ್ಧಿ ಇದು. ಎಲ್ಲರನ್ನೂ ಒಮ್ಮೆಗೇ ಒಳಗೆ ಬಿಟ್ಟರೆ ಎಲೆಯ ಮುಂದೆ ಕೂತವನಿಗೂ ಸಾರು ಬಾರದು.

ಯುಪಿಐ ಕಥೆಯೂ ಹಾಗೆಯೇ. 2016ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಎರಡು ಸಾವಿರ ಕೋಟಿಗೂ ಮೀರಿ ವಹಿವಾಟುಗಳು ನಡೆದವು. ಇಷ್ಟು ಭಾರ ಹೊರುವುದು ಸಾಮಾನ್ಯ ಸಾಧನೆಯಲ್ಲ, ಮೊದಲು ಕೈಮುಗಿದೇ ಮುಂದಿನ ಮಾತನ್ನು ಆಡುತ್ತೇನೆ. ಅದೇ ವರ್ಷದ ಏಪ್ರಿಲ್ 12ರಂದು ಅದು ಗಂಟೆಗಟ್ಟಲೆ ತಡವರಿಸಿತು. ಹಿಂದಿನ ವಹಿವಾಟು ಏನಾಯಿತೆಂದು ಕೆಲವು ಬ್ಯಾಂಕುಗಳ ಗಣಕಗಳು ಮತ್ತೆ ಮತ್ತೆ ವಿಚಾರಿಸಿದ್ದೇ ಕಾರಣವೆಂದು ಬಳಿಕ ತಿಳಿಯಿತು. ಫಲಿತಾಂಶದ ದಿನ ನೋಟಿಸ್ ಬೋರ್ಡಿನ ಮುಂದೆ ತಮ್ಮ ಸಂಖ್ಯೆ ನೋಡಿದವರೂ ಕದಲದೆ ಮತ್ತೆ ಮತ್ತೆ ನೋಡುತ್ತಿದ್ದರಲ್ಲ, ಹಿಂದಿನವರಿಗೆ ಬೋರ್ಡೇ ಕಾಣುತ್ತಿರಲಿಲ್ಲ! ಆಗಸ್ಟ್ 1ರಿಂದ ಇಂಥ ವಿಚಾರಣೆಗಳಿಗೆ ಮಿತಿ ಹಾಕಿದರು. ಒಂದು ಆ್ಯಪ್‌ನಲ್ಲಿ ದಿನಕ್ಕೆ ಐವತ್ತು ಬಾರಿಗಿಂತ ಹೆಚ್ಚು ಖಾತೆಯ ಶಿಲ್ಕು ನೋಡುವಂತಿಲ್ಲವೆಂಬ ನಿಯಮವೂ ಅದರಲ್ಲಿ ಸೇರಿತ್ತು. ಇದನ್ನು ದೂರುವವರಿದ್ದಾರೆ, ನಾನು ದೂರುವುದಿಲ್ಲ. ಐವತ್ತು ಬಾರಿ ನೋಡಿದರೆ ಪಿಂಚಣಿ ಬೆಳೆಯುವುದಿಲ್ಲ.

ಆದರೆ ಬದಲಿ ಯಂತ್ರವಿದೆಯೆಂಬ ಒಂದೇ ಧೈರ್ಯ ಸಾಲದು. ನಲವತ್ತು ಹುಡುಗರೂ ಒಬ್ಬನ ಹಾಳೆ ನೋಡಿ ಬರೆದರೆ ನಲವತ್ತು ಹಾಳೆಯಲ್ಲೂ ಒಂದೇ ತಪ್ಪಿರುತ್ತದೆ. ಮೌಲ್ಯಮಾಪನಕ್ಕೆ ಕುಳಿತವರಿಗೆ ಇದು ಗೊತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಪರಿಷ್ಕರಣೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳನ್ನು ಕೆಡವಿತೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಅದೇ ಪರಿಷ್ಕರಣೆಯನ್ನು ಪಡೆದಿದ್ದರೆ ಬದಲಿ ಯಂತ್ರವೂ ಬಿದ್ದಂತೆಯೇ. ಬಹಳಷ್ಟು ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಹೋಗಿ ನಿಂತು ಸರಿಪಡಿಸಬೇಕಾಯಿತು. ಆ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲೇ ಬರೆದುಕೊಟ್ಟರು. ಅದರ ಚಿತ್ರ ನೋಡಿ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ವಿಮಾನ ತಡವಾಗಿಯಾದರೂ ಹಾರಿತು. ಬರೆದುಕೊಡುವ ಅಧಿಕಾರ ಆ ಸಿಬ್ಬಂದಿಗಿತ್ತು.

ನನ್ನ ತಕರಾರು ಇಲ್ಲಿಯೇ. ಯಂತ್ರಕೋಣೆಗೆ ಕೊಡುವ ಹೊಂದಾಣಿಕೆಯ ಗುಣವನ್ನು ನಾವು ಕೌಂಟರಿನ ಹುಡುಗನಿಂದ ಕಿತ್ತುಕೊಂಡಿದ್ದೇವೆ. ಯಾವ ಯಂತ್ರ ಕೆಟ್ಟರೆ ಯಾವುದು ಎದ್ದು ನಿಲ್ಲಬೇಕೆಂಬ ನಕ್ಷೆ ಇದೆ. ಪರದೆಯೇ ಕಪ್ಪಾದರೆ ಆ ಹುಡುಗ ಏನು ಮಾಡಬೇಕೆಂಬ ಒಂದು ಸಾಲಿನ ಆದೇಶವಿಲ್ಲ. 'ಸರ್ವರ್ ಡೌನ್' ಎಂಬುದು ಒಂದು ಕಾರಣವಾಗಿದ್ದದ್ದು ಈಗ ಉತ್ತರವೇ ಆಗಿಬಿಟ್ಟಿದೆ. ಕೈಬರಹದಲ್ಲಿ ಕೊಟ್ಟರೆ ಮೋಸವಾಗುತ್ತದೆ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆಗುತ್ತದೆ. ಅದಕ್ಕೆ ಒಂದು ಮಿತಿ ಇಡಿ. ಐದು ಸಾವಿರದವರೆಗೆ, ಒಳರೋಗಿಯ ಔಷಧಕ್ಕೆ ಮಾತ್ರ, ಗುರುತಿನ ಚೀಟಿಯ ಪ್ರತಿ ಪಡೆದು. ರೋಗಿ ಮೇಲಿನ ಮಹಡಿಯಲ್ಲೇ ಮಲಗಿರುವಾಗ ಔಷಧದ ಹಣ ಎಲ್ಲಿಗೆ ಓಡಿಹೋಗುತ್ತದೆ?

ಇನ್ನೊಂದು ಮಾತು, ಇದು ನಿಮ್ಮೆಲ್ಲರ ಉಪಯೋಗಕ್ಕೆ. ಹೀಗೆ ಹಣ ಕಡಿತವಾಗಿ ಅಂಗಡಿಗೆ ತಲುಪದಿದ್ದರೆ ವಹಿವಾಟಿನ ದಿನದ ನಂತರ ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು, ಮೀರಿದರೆ ದಿನಕ್ಕೆ ನೂರು ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲೇ ವಿಧಿಸಿದೆ. ನನ್ನ ಹಣ ಮೂರನೆಯ ದಿನ ಬಂತು. ನಿಯಮದಂತೆ ಯಾರದೂ ತಪ್ಪಿಲ್ಲ! ಆ ರಾತ್ರಿ ಅಕ್ಕನಿಗೆ ಮೂರು ದಿನದ ಉಸಿರು ಇತ್ತೇ ಎಂದು ಮಾತ್ರ ಯಾವ ಸುತ್ತೋಲೆಯೂ ಕೇಳುವುದಿಲ್ಲ.

ಬ್ಯಾಂಕುಗಳು ತಮ್ಮ ಮುಖ್ಯ ವ್ಯವಸ್ಥೆಗಳ ಬದಲಿ ಕೇಂದ್ರವನ್ನು ಆರು ತಿಂಗಳಿಗೊಮ್ಮೆಯಾದರೂ ಅಭ್ಯಾಸಕ್ಕಾಗಿ ನಡೆಸಿ ನೋಡಬೇಕೆಂಬ ನಿಯಮವಿದೆ. ನನ್ನ ವಿದ್ಯಾರ್ಥಿಯ ತಂಡದವರು ಇನ್ನೂ ಮುಂದೆ ಹೋಗಿ, ನಡುಹಗಲಿನಲ್ಲೇ ಒಂದು ಯಂತ್ರವನ್ನು ಬೇಕೆಂದೇ ನಿಲ್ಲಿಸಿ ಉಳಿದವು ಹೇಗೆ ನಿಭಾಯಿಸುತ್ತವೆಂದು ನೋಡುತ್ತಾರಂತೆ. "ಕೌಂಟರಿನವರನ್ನೂ ಆ ಅಭ್ಯಾಸಕ್ಕೆ ಸೇರಿಸುತ್ತೀರೇನಪ್ಪಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಸರ್, ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ" ಎಂದ.

ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ ಒಂದು ಪತ್ರ ಬರೆದಿದ್ದೇನೆ. ತಿಂಗಳಲ್ಲಿ ಒಂದು ದಿನ ಅರ್ಧ ಗಂಟೆ ಔಷಧಾಲಯದ ಗಣಕವನ್ನು ನಿಲ್ಲಿಸಿ, ರಸೀತಿ ಪುಸ್ತಕದಲ್ಲಿ ಬರೆದು ಔಷಧ ಕೊಡುವ ಅಭ್ಯಾಸ ಮಾಡಿಸಿ ಎಂದು ಕೋರಿದ್ದೇನೆ. ಆ ಹುಡುಗನ ಮೇಲೆ ದೂರಿಲ್ಲವೆಂದೂ ಸ್ಪಷ್ಟವಾಗಿ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬಂದರೆ ಇಲ್ಲಿಯೇ ತಿಳಿಸುತ್ತೇನೆ.