ನೌಕರರ ಮಾನಸಿಕ ಆರೋಗ್ಯ ಮತ್ತು ರಜೆ ಸೌಲಭ್ಯ: ಒಂದು ಅವಲೋಕನ

2025ರ ಅಕ್ಟೋಬರ್ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟವು ಮಹಿಳಾ ನೌಕರರಿಗೆ ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನಗಳ ವೇತನ ಸಹಿತ ಋತುಚಕ್ರ ರಜೆಗೆ ಅನುಮೋದನೆ ನೀಡಿತು. ಈ ಹಿನ್ನೆಲೆಯಲ್ಲಿ ಮಾನಸಿಕ ಆರೋಗ್ಯಕ್ಕೂ ಪ್ರತ್ಯೇಕ ರಜೆ ಅಗತ್ಯವೇ ಎಂಬ ಪ್ರಶ್ನೆ ಉದ್ಭವಿಸುವುದು ಸಹಜ.

ಸಮಸ್ಯೆಯ ವ್ಯಾಪ್ತಿ: ಖಿನ್ನತೆ ಹಾಗೂ ಆತಂಕದಿಂದ ಜಗತ್ತಿನಾದ್ಯಂತ ಪ್ರತಿ ವರ್ಷ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 10.6ರಷ್ಟು ಜನರು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಕಾನೂನಿನ ಸ್ಥಿತಿ: ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಚಿಕಿತ್ಸೆ ಮತ್ತು ವೈದ್ಯಕೀಯ ವಿಮೆಯಲ್ಲಿ ಮಾನಸಿಕ ಕಾಯಿಲೆಯನ್ನು ದೈಹಿಕ ಕಾಯಿಲೆಗೆ ಸಮನಾಗಿ ಪರಿಗಣಿಸತಕ್ಕದ್ದು. ಆದರೆ ಸದರಿ ಅಧಿನಿಯಮವು ನೌಕರರಿಗೆ ಪ್ರತ್ಯೇಕ ರಜೆಯನ್ನು ಕಲ್ಪಿಸಿಲ್ಲ.

ಪ್ರಸ್ತುತ ಲಭ್ಯವಿರುವ ಸೌಲಭ್ಯಗಳು:

1. ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನಗಳ ಗಳಿಕೆ ರಜೆ ಹಾಗೂ 20 ದಿನಗಳ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಪಡೆಯಬಹುದು. ಆಗ ರಜೆ ಲೆಕ್ಕದಿಂದ ಎರಡರಷ್ಟು ದಿನಗಳನ್ನು ಕಳೆಯಲಾಗುತ್ತದೆ.

2. ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕಾರ್ಮಿಕರಿಗೆ, ನಿಗದಿತ ವಂತಿಗೆ ಪಾವತಿಯಾಗಿದ್ದಲ್ಲಿ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅನಾರೋಗ್ಯ ಭತ್ಯೆ ದೊರೆಯುತ್ತದೆ. ಸ್ಕಿಜೋಫ್ರೇನಿಯಾದಂತಹ ತೀವ್ರ ಕಾಯಿಲೆಗಳಿಗೆ, ಷರತ್ತುಗಳಿಗೊಳಪಟ್ಟು, ಶೇ. 80ರಷ್ಟು ವಿಸ್ತೃತ ಭತ್ಯೆಗೆ ಅವಕಾಶವಿದೆ.

ಕೊರತೆ ಎಲ್ಲಿದೆ: ರಜೆಯ ದಿನಗಳು ಇದ್ದರೂ ಅವುಗಳನ್ನು ಕೇಳಲು ನೌಕರರು ಹಿಂಜರಿಯುತ್ತಾರೆ. ರಜೆ ಅರ್ಜಿಯು ಹಲವು ಮೇಜುಗಳನ್ನು ದಾಟಿ ಹೋಗುವುದರಿಂದ, ಕಾಯಿಲೆಯ ಹೆಸರು ಬಹಿರಂಗವಾದೀತೆಂಬ ಭಯದಿಂದ ಜ್ವರ ಅಥವಾ ಬೆನ್ನುನೋವಿನ ಕಾರಣ ನೀಡುವುದುಂಟು. ಇದರಿಂದ ಸರಿಯಾದ ಚಿಕಿತ್ಸೆ ತಡವಾಗುವುದಲ್ಲದೆ, ಸಮಸ್ಯೆಯ ನಿಜವಾದ ಪ್ರಮಾಣವು ದಾಖಲೆಗೆ ಬರುವುದಿಲ್ಲ. ಗೋಪ್ಯತೆ ಕಾಪಾಡುವ ಹೊಣೆಯನ್ನು ಅಧಿನಿಯಮವು ಚಿಕಿತ್ಸೆ ನೀಡುವ ವೃತ್ತಿಪರರ ಮೇಲೆ ಹೊರಿಸಿದೆ. ರಜೆ ಕಡತ ನಿರ್ವಹಿಸುವ ಕಚೇರಿಯ ಕರ್ತವ್ಯವನ್ನು ಪ್ರತ್ಯೇಕವಾಗಿ ವಿವರಿಸಿಲ್ಲ. ಪ್ರತ್ಯೇಕ ರಜೆ ಜಾರಿಯಾದಲ್ಲಿ ವಿಷಯಕ್ಕೆ ಮಾನ್ಯತೆ ದೊರೆಯುವುದಾದರೂ, ಗೋಪ್ಯತೆಯಿಲ್ಲದಿದ್ದರೆ ಆ ರಜೆಯ ಹೆಸರೇ ನೌಕರನಿಗೆ ಹಣೆಪಟ್ಟಿಯಾಗುವ ಸಾಧ್ಯತೆ ಇದೆ. ಆದ್ದರಿಂದ ಹೊಸ ರಜೆಯಷ್ಟೇ ಮುಖ್ಯವಾದುದು ಕಡತದ ಗೋಪ್ಯತೆ. ದಿನಗೂಲಿ ಕೆಲಸಗಾರರ ಸ್ಥಿತಿ ಇನ್ನೂ ಕಠಿಣವಾದುದು. ವೇತನ ಸಹಿತ ರಜೆಯೇ ಇಲ್ಲದವರಿಗೆ ಒಂದು ದಿನದ ವಿಶ್ರಾಂತಿಯೆಂದರೆ ಒಂದು ದಿನದ ಕೂಲಿಯ ನಷ್ಟ.

ಅರ್ಜಿದಾರರ ಗಮನಕ್ಕೆ: ಮಾನಸಿಕ ಕಾಯಿಲೆಯ ಕಾರಣಕ್ಕೆ ವೈದ್ಯಕೀಯ ರಜೆ ಕೋರುವುದು ನಿಯಮಬಾಹಿರವಲ್ಲ. ನೋಂದಾಯಿತ ವೈದ್ಯರ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲು ಮಂಜೂರಾತಿ ಪ್ರಾಧಿಕಾರವನ್ನು ಕೋರಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಆಪ್ತ ಸಮಾಲೋಚನೆ ಪಡೆಯಬಹುದಾಗಿದೆ.