ಬಿರುಕಿಗೆ ಬಡಗಿ ಹೊಣೆಯಲ್ಲ

ಜೋಗೇಶ್ವರಿಯ ಓಶಿವಾರಾ ಫರ್ನಿಚರ್ ಮಾರುಕಟ್ಟೆಯಲ್ಲಿ ಅಳತೆ ಕೊಟ್ಟು ಸಾಗುವಾನಿಯ ಊಟದ ಮೇಜು ಮಾಡಿಸುವವರ ಮೊದಲ ಪ್ರಶ್ನೆ ‘ಎಷ್ಟು?’, ಎರಡನೆಯದು ‘ಯಾವಾಗ?’. ಹಲಗೆ ಎಷ್ಟು ಒಣಗಿದೆ ಎಂದು ಕೇಳುವವರು ಕಡಿಮೆ. ಡಿಸೆಂಬರಿನಲ್ಲಿ ಮೇಜಿನ ನಡುವೆ ಕೂದಲೆಳೆಯಷ್ಟು ಬಿರುಕು ಕಂಡರೆ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ಬಡಗಿ ಮೋಸ ಮಾಡಿದ.

ಈ ತೀರ್ಪು ಬಹುಪಾಲು ಸುಳ್ಳು. ಮರ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಅಲುಗದು; ಅಡ್ಡಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಜುಲೈ ತಿಂಗಳ ಮುಂಬಯಿ ಗಾಳಿಗೂ ಏಸಿ ಹಾಕಿದ ಕೋಣೆಗೂ ನಡುವೆ ಮೂರಡಿ ಅಗಲದ ಸಾಗುವಾನಿ ಐದಾರು ಮಿಲಿಮೀಟರ್ ಓಡಾಡಬಲ್ಲದು. ಅದಕ್ಕೇ ಬಲ್ಲ ಬಡಗಿ ಚೌಕಟ್ಟಿನಲ್ಲಿ ಸ್ಕ್ರೂಗೆ ಉದ್ದನೆಯ ತೂತು ಕೊರೆಯುತ್ತಾನೆ. ಪಾಲಿಶನ್ನು ಮೇಲಷ್ಟೇ ಅಲ್ಲ, ಅಡಿಗೂ ಬಳಿಯುತ್ತಾನೆ. ‘ಅಡಿ ಯಾರು ನೋಡ್ತಾರೆ?’ ಎಂದು ಆ ಕೂಲಿಯನ್ನು ಕಡಿಯುವವರು ಗಿರಾಕಿಗಳೇ. ಯಾರೂ ನೋಡುವುದಿಲ್ಲ, ತೇವ ಮಾತ್ರ ಅಲ್ಲಿಂದಲೇ ಒಳಗೆ ಹೋಗುತ್ತದೆ.

ಇನ್ನೊಂದು ದೂರು, ‘ಫೆವಿಕಾಲ್ ಕಮ್ಮಿ ಹಾಕಿದ’. 1959ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿದ ಆ ಬಿಳಿ ಅಂಟು ಸರಿಯಾಗಿ ಕೂತರೆ ಮರಕ್ಕಿಂತ ಗಟ್ಟಿ. ಆದ್ದರಿಂದಲೇ ಬಿರುಕು ಎಷ್ಟೋ ಸಲ ಅಂಟಿನ ಗೆರೆಯನ್ನು ಬಿಟ್ಟು ಪಕ್ಕದ ಹಲಗೆಯಲ್ಲಿ ಬೀಳುತ್ತದೆ. ಬಗ್ಗಿ ನೋಡಿದರೆ ಗೊತ್ತಾಗುವ ಸಂಗತಿ, ಆದರೆ ಬಗ್ಗುವವರಾರು?

ಹಸಿ ಮರ ಜೋಡಿಸಿ ಕೈತೊಳೆದುಕೊಳ್ಳುವ ಬಡಗಿಗಳೂ ಇದ್ದಾರೆ, ನಿಜ. ಆದರೆ ಚೌತಿಗೆ ನೆಂಟರು ಬರುತ್ತಾರೆಂದು ಸುರಿಯುವ ಮಳೆಯಲ್ಲೇ ಎಂಟು ದಿನದ ಗಡುವು ಕೊಟ್ಟು, ಪಾಲಿಶಿನ ಒಂದು ಕೋಟು ಒಣಗುವ ಮುನ್ನ ಇನ್ನೊಂದನ್ನು ಬಳಿಸಿದವರು, ಬಿರುಕು ಬಿಟ್ಟಾಗ ಬಡಗಿಯ ಬಾಕಿ ಹಣವನ್ನು ಯಾವ ನ್ಯಾಯದ ಮೇಲೆ ತಡೆಹಿಡಿಯುತ್ತಾರೆ?